ಪರದೇಶದ ಪಗಾರವೂ ಮನೆಯ ಲೆಕ್ಕವೂ



ಪುಣೆಯ ಕನ್ನಡಿಗರ ಮನೆಗಳಲ್ಲಿ ಹಬ್ಬಕ್ಕೋ ಮುಂಜಿವೆಗೋ ನಾಲ್ಕು ಜನ ಕೂಡಿದರೆ ಮಾತು ಬೇಗನೆ ಒಂದೇ ಕಡೆಗೆ ತಿರುಗುತ್ತದೆ. ಯಾರ ಮಗ ಯಾವ ದೇಶಕ್ಕೆ ಹೋದ, ಎಷ್ಟು ಪಗಾರ, ನಮ್ಮ ರೂಪಾಯಿಯಲ್ಲಿ ಅದು ಎಷ್ಟಾಗುತ್ತದೆ! ಗುಣಾಕಾರ ಮುಗಿಯುವಷ್ಟರಲ್ಲಿ ಎಲೆ ಬೀಳುತ್ತದೆ. ಊಟದ ರುಚಿ ಮರೆತರೂ ಆ ಅಂಕಿ ಮಾತ್ರ ಕೇಳಿದವರ ತಲೆಯಲ್ಲಿ ಉಳಿಯುತ್ತದೆ. ಈ ಸಲ ಆ ಗುಣಾಕಾರದ ಬಗೆಗೇ ಬರೆಯಲು ಮನಸ್ಸು ಮಾಡಿದ್ದೇವೆ. ಕಳೆದ ತಿಂಗಳು ಅದು ಪ್ರಶ್ನೆಯಾಗಿ ನಮ್ಮ ಮನೆಗೇ ಬಂದಿತ್ತು.

ಬಂದವರು ವಾಕಡದಲ್ಲಿ ಮನೆ ಮಾಡಿರುವ ವಿಜಯಪುರ ಕಡೆಯ ದಂಪತಿಗಳು. ಹುಡುಗ ಚಾಕಣದ ಕಾರಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ತೆಗೆಯುವ ಇಂಜಿನಿಯರ. ಹುಡುಗಿ ಖಾಸಗಿ ದವಾಖಾನೆಯಲ್ಲಿ ನರ್ಸ್. ನಾಲ್ಕು ವರ್ಷದ ಮಗಳಿದ್ದಾಳೆ. ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದ ಹತ್ತಿರದ ಒಂದು ಕಂಪನಿಯಿಂದ ಹುಡುಗನಿಗೆ ನೌಕರಿಯ ಪತ್ರ ಬಂದಿತ್ತು. ವರ್ಷಕ್ಕೆ 54,000 ಯೂರೋ.

“ಕಾಕಾ, ಯೂರೋಕ್ಕ ನೂರು ಹಿಡದ್ರೂ ಐವತ್ನಾಕ ಲಕ್ಷ ಆಗ್ತದ. ಇಲ್ಲೆ ನನಗ ಹದಿನೆಂಟು. ಮೂರ ಪಟ್ಟು! ಇನ್ನ ವಿಚಾರ ಮಾಡೂದೇನದ?” ಎಂದ ಹುಡುಗ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾರ, ನನ್ನ ನೌಕರಿ ಏನಾಗ್ತದ ಅಂತ ಯಾರೂ ಕೇಳವಲ್ರು,” ಎಂದಳು.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಹಿಂಜರಿಕೆಗೆ ಹಳೆಯದೊಂದು ಕಾರಣವಿತ್ತು. ಅದನ್ನು ಇಲ್ಲಿ ಮುಚ್ಚಿಡದೆ ಹೇಳುವುದೇ ಸರಿ.

2006ರ ಸುಮಾರಿಗೆ ಭೋಸರಿಯಲ್ಲಿ ಫಿಟರ್ ಆಗಿದ್ದ ನಮ್ಮ ಕಡೆಯ ಹುಡುಗನೊಬ್ಬ ಹೀಗೆಯೇ ನಮ್ಮಲ್ಲಿಗೆ ಬಂದಿದ್ದ. ಕೊಲ್ಲಿಯ ದೇಶವೊಂದರಲ್ಲಿ ಕೆಲಸವಿದೆ, ಏಜೆಂಟನಿಗೆ 90,000 ರೂಪಾಯಿ ಕಟ್ಟಬೇಕು ಎಂದ. ನಾವೇ ಕಾಗದ ಹಿಡಿದು ಅಲ್ಲಿಯ ಪಗಾರವನ್ನು ರೂಪಾಯಿಗೆ ಗುಣಿಸಿ, “ಹೋಗು, ಎರಡು ವರ್ಷದಾಗ ಮನೀ ಕಟ್ಟಸ್ತಿ,” ಎಂದೆವು. ಪತಪೇಢಿಯ ಸಾಲಕ್ಕೆ ಜಾಮೀನೂ ನಿಂತೆವು. ಅಲ್ಲಿಗೆ ಹೋದ ಮೇಲೆ ತಿಳಿದದ್ದು ಬೇರೆ. ಅವನ ಕೈಗೆ ಕೊಟ್ಟಿದ್ದುದು ಕೆಲಸದ ವೀಸಾ ಅಲ್ಲ, ಭೇಟಿಯ ವೀಸಾ. ಪಾಸಪೋರ್ಟು ಮಾಲೀಕನ ಪೆಟ್ಟಿಗೆಯಲ್ಲಿ. ಪಗಾರ ಹೇಳಿದ್ದರ ಅರ್ಧ. ಹದಿನಾಲ್ಕು ತಿಂಗಳಿಗೆ ಬರಿಗೈಲಿ ಮರಳಿದ. ಸಾಲ ತೀರಿಸಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ರಾಜ್ಯೋತ್ಸವಕ್ಕೆ ಇಂದಿಗೂ ಬರುತ್ತಾನೆ, ನಮ್ಮನ್ನು ಕಂಡು ನಗುತ್ತಾನೆ. ಅವನು ನಕ್ಕಾಗಲೆಲ್ಲ ನಮಗೆ ಆ ಗುಣಾಕಾರ ನೆನಪಾಗುತ್ತದೆ.

ಆದುದರಿಂದ ಈ ಸಲ ಗುಣಾಕಾರ ಬಿಟ್ಟು ಕಳೆಯುವ ಲೆಕ್ಕ ಹಿಡಿದೆವು. ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಪುಣೆ, ಬಲಕ್ಕೆ ಜರ್ಮನಿ ಎಂದು ಬರೆದೆವು. ಹುಡುಗಿಯೇ ಅಂಕಿ ಹೇಳುತ್ತ ಹೋದಳು. ಮನೆ ನಡೆಸುವವಳು ಅವಳೇ ತಾನೆ!

ಪುಣೆಯ ಲೆಕ್ಕ ಹೀಗೆ. ಹುಡುಗನ ಕೈಗೆ ತಿಂಗಳಿಗೆ ಸುಮಾರು 1,25,000 ರೂಪಾಯಿ, ಹುಡುಗಿಯ ಕೈಗೆ 32,000. ಮನೆಯ ಸಾಲದ ಕಂತು 42,000, ವಿಜಯಪುರದ ಅವ್ವನಿಗೆ 10,000, ಸಂಸಾರಕ್ಕೆ 65,000. ಉಳಿಯುವುದು 40,000.

ಇನ್ನು ಜರ್ಮನಿಯದು. 54,000 ಯೂರೋವನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 4,500. ಆದರೆ ಆ ದೇಶದಲ್ಲಿ ತೆರಿಗೆಯ ಜೊತೆಗೆ ಪಿಂಚಣಿ, ಆರೋಗ್ಯವಿಮೆ, ನಿರುದ್ಯೋಗ ವಿಮೆ, ಮುಪ್ಪಿನ ಶುಶ್ರೂಷೆಯ ವಿಮೆ ಎಲ್ಲವನ್ನೂ ಪಗಾರದಲ್ಲೇ ಮುರಿದುಕೊಳ್ಳುತ್ತಾರೆ. ಹೆಂಡತಿ ದುಡಿಯದ ಸಂಸಾರಸ್ಥನಿಗೆ ತೆರಿಗೆ ಕಡಿಮೆ. ಆದರೂ ಕೈಗೆ ಬರುವುದು 3,200ರ ಸುಮಾರು. ಒಂಟಿಯಾಗಿದ್ದರೆ ಇನ್ನೂ ಕಡಿಮೆ. ಮಗುವಿಗೆಂದು ಸರಕಾರ ಕೊಡುವ ಹಣ 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, ಅದನ್ನೂ ಸೇರಿಸಿದೆವು. ಮನೆಬಾಡಿಗೆ ಮತ್ತು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು 1,400, ಕಿರಾಣಿ ಕಾಯಿಪಲ್ಲೆ 700, ಓಡಾಟ ಫೋನು ಇತ್ಯಾದಿ 300, ಮಗುವಿಗೆ 200 ಎಂದು ಅಂದಾಜು ಹಿಡಿದೆವು. ಉಳಿದದ್ದು ಸುಮಾರು 850 ಯೂರೋ, ಎಂದರೆ 85,000 ರೂಪಾಯಿ.

“ನೋಡ್ರಿ, ಡಬಲ್ ಆತಲ್ಲ!” ಎಂದ ಹುಡುಗ.

“ತಡೀಪಾ, ಇನ್ನೂ ಮುಗದಿಲ್ಲ,” ಎಂದೆವು. ವಾಕಡದ ಕಂತು ಇದರಲ್ಲೇ ಹೋಗಬೇಕು, 42,000. ಆ ಮನೆಯನ್ನು ಬಾಡಿಗೆಗೆ ಕೊಟ್ಟರೆ 25,000 ಬರುತ್ತದೆ. ಮಗ ದೂರವಾದರೆ ಅವ್ವನ ಹತ್ತಿರ ಆಳು ಇಡಬೇಕು, 10,000 ಹೋಗಿ 15,000 ಆಗುತ್ತದೆ. ಮೂವರೂ ವರ್ಷಕ್ಕೊಮ್ಮೆ ಬಂದುಹೋಗುವ ವಿಮಾನದ ಖರ್ಚನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 20,000. ಕೂಡಿ ಕಳೆದರೆ ಕೊನೆಗೆ ನಿಂತದ್ದು 33,000 ರೂಪಾಯಿ! ಪುಣೆಯಲ್ಲಿ 40,000, ಮೂರು ಪಟ್ಟು ಪಗಾರದ ಊರಲ್ಲಿ 33,000.

ಹುಡುಗ ಹಾಳೆಯನ್ನು ಎರಡು ಸಲ ತಿರುವಿ ನೋಡಿದ. ಲೆಕ್ಕ ತಪ್ಪಿರಲಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ. ಪೇಟೆಯ ದರದಲ್ಲಿ ಒಂದು ಅಮೇರಿಕನ್ ಡಾಲರಿಗೆ 2025ರಲ್ಲಿ ಬಹುಮಟ್ಟಿಗೆ 85ರಿಂದ 90 ರೂಪಾಯಿಯವರೆಗೆ ಇತ್ತು. ಆದರೆ ಆ ಒಂದು ಡಾಲರಿಗೆ ಅಮೇರಿಕೆಯಲ್ಲಿ ಸಿಗುವಷ್ಟು ಸಾಮಾನು ನಮ್ಮಲ್ಲಿ ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ ಎಂಬುದು ವಿಶ್ವಬ್ಯಾಂಕಿನ ಎಣಿಕೆ. ಪಗಾರವನ್ನು ಪೇಟೆಯ ದರದಿಂದ ಗುಣಿಸುವಾಗ ಖರ್ಚನ್ನೂ ಅದೇ ದರದಿಂದ ಗುಣಿಸಬೇಕಲ್ಲವೆ? ಅಲ್ಲಿ ದುಡಿದು ಇಲ್ಲಿ ಖರ್ಚು ಮಾಡುವವನಿಗಷ್ಟೇ ಆ ದೊಡ್ಡ ಅಂಕಿ ನಿಜ. ಅಲ್ಲಿಯೇ ದುಡಿದು ಅಲ್ಲಿಯೇ ಉಣ್ಣುವವನಿಗೆ ಅದು ಅರ್ಧ ನಿಜ.

ಹಾಗಾದರೆ ಹೋಗಬಾರದೆ? ನಾವು ಹಾಗೆ ಹೇಳಲಿಲ್ಲ. ಹಾಳೆಯನ್ನು ಹುಡುಗಿಯ ಕಡೆಗೆ ತಿರುಗಿಸಿ, “ಏನವ್ವಾ, ಬಲಗಡೆ ಲೆಕ್ಕದಾಗ ನಿನ್ನ ಪಗಾರ ಎಲ್ಲಿ ಅದ?” ಎಂದು ಕೇಳಿದೆವು. ಅದು ಎಲ್ಲಿಯೂ ಇರಲಿಲ್ಲ. ಗಂಡನ ನೌಕರಿಯ ಬೆನ್ನು ಹತ್ತಿ ಹೋಗುವವಳು ಮನೆಯಲ್ಲೇ ಇರುತ್ತಾಳೆಂದು ನಾವೂ ಸೇರಿ ಮೂವರೂ ಗೃಹೀತ ಹಿಡಿದುಬಿಟ್ಟಿದ್ದೆವು.

ನಿಜ ಸಂಗತಿ ಇದಕ್ಕೆ ತಿರುವುಮುರುವಾಗಿದೆ. ಜರ್ಮನಿಯಲ್ಲಿ ಮುದುಕರ ಸಂಖ್ಯೆ ಬೆಳೆಯುತ್ತಿದೆ, ದುಡಿಯುವ ಕೈ ಕಡಿಮೆಯಾಗುತ್ತಿವೆ. 2024ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರ ಭಾರತದ ಕುಶಲ ನೌಕರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು. ಇಂಜಿನಿಯರರು ಬೇಕು ಎಂಬುದು ಸರಿ. ಆದರೆ ನರ್ಸುಗಳ ಕೊರತೆ ಅದಕ್ಕಿಂತ ಕಡಿಮೆಯದಲ್ಲ. ಅವರನ್ನು ಕಳಿಸಲು ಕೇರಳ ಸರಕಾರದ ಸಂಸ್ಥೆಯೊಂದು 2021ರಲ್ಲೇ ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡಿತು. ವೃದ್ಧರ ಶುಶ್ರೂಷೆಯ ಕ್ಷೇತ್ರದಲ್ಲಿ ಪೂರ್ಣ ತರಬೇತಾದ ನರ್ಸಿಗೆ 2025ರ ಜುಲೈಯಲ್ಲಿ ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿಯೇ ಗಂಟೆಗೆ 20.50 ಯೂರೋ ಇತ್ತು. ವಾರಕ್ಕೆ ನಾಲ್ವತ್ತು ಗಂಟೆ ದುಡಿದರೆ ಕಡಿತಕ್ಕೆ ಮೊದಲು ತಿಂಗಳಿಗೆ 3,500ರ ಹತ್ತಿರ ಆಗುತ್ತದೆ. ಗಂಡನ ಪಗಾರಕ್ಕೂ ಇದಕ್ಕೂ ಅಂತರ ಸಾವಿರ ಯೂರೋ ಮಾತ್ರ! ಪುಣೆಯಲ್ಲಿ ಅವರಿಬ್ಬರ ಪಗಾರಗಳ ಅಂತರ ನಾಲ್ಕು ಪಟ್ಟು.

ಆದರೆ ಇದಕ್ಕೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಭಾಷೆ. ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಿವೆ. ನರ್ಸಿಗೆ ಸಾಮಾನ್ಯವಾಗಿ ನಾಲ್ಕನೆಯದಾದ ಬಿ-2 ಬೇಕು. ಎರಡನೆಯದು ಪ್ರಮಾಣಪತ್ರದ ಮನ್ನಣೆ. ನಮ್ಮ ನರ್ಸಿಂಗ್ ಶಿಕ್ಷಣವನ್ನು ಅಲ್ಲಿಯ ಅಧಿಕಾರಿಗಳು ತಮ್ಮ ಶಿಕ್ಷಣದೊಡನೆ ಹೋಲಿಸಿ, ಕೊರತೆ ಕಂಡರೆ ಪರೀಕ್ಷೆಯನ್ನೋ ಕೆಲ ತಿಂಗಳ ತರಬೇತಿಯನ್ನೋ ವಿಧಿಸುತ್ತಾರೆ. ಅಲ್ಲಿಯವರೆಗೆ ಸಹಾಯಕಿಯಾಗಿ ಕಡಿಮೆ ಪಗಾರದಲ್ಲಿ ದುಡಿಯಬೇಕಾಗಬಹುದು. ಇಂಜಿನಿಯರನಿಗೆ ಈ ತೊಡಕು ಕಡಿಮೆ; ವೈದ್ಯರಿಗೆ, ನರ್ಸುಗಳಿಗೆ, ಶಿಕ್ಷಕರಿಗೆ ಹೆಚ್ಚು. ಭಾಷೆ ಕಲಿಯದೆ ವಿಮಾನ ಹತ್ತಿದ ನರ್ಸು ಅಲ್ಲಿ ಗೃಹಿಣಿ. ಕಲಿತು ಹತ್ತಿದವಳು ಮನೆಯ ಎರಡನೆಯ ಕಂಬ.

ಎಲ್ಲ ದೇಶಗಳಲ್ಲಿಯೂ ಈ ಎರಡನೆಯ ಪಗಾರಕ್ಕೆ ದಾರಿ ಇದೆಯೆ? ಇಲ್ಲ. ಓಲೆ ಬಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಜರ್ಮನಿಯ ನೀಲಿ ಕಾರ್ಡು ಪಡೆದವನ ಹೆಂಡತಿಗೆ ದುಡಿಯಲು ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿಯೂ ಕುಶಲ ನೌಕರನ ಸಂಗಾತಿ ದುಡಿಯಬಹುದು. ಆದರೆ ಆ ದೇಶ ನೌಕರನಿಗೆ ಇರಬೇಕಾದ ಕನಿಷ್ಠ ಪಗಾರವನ್ನು 2024ರ ಏಪ್ರಿಲಿನಲ್ಲಿ 38,700 ಪೌಂಡಿಗೂ 2025ರ ಜುಲೈಯಲ್ಲಿ 41,700ಕ್ಕೂ ಏರಿಸಿತು. ಶುಶ್ರೂಷಾ ಸಹಾಯಕರನ್ನು ಹೊರದೇಶದಿಂದ ಹೊಸದಾಗಿ ಕರೆಸುವುದನ್ನೂ ಅದೇ ಜುಲೈಯಲ್ಲಿ ನಿಲ್ಲಿಸಿತು. ಅಮೇರಿಕೆಯ ಎಚ್-1ಬಿ ನೌಕರನ ಹೆಂಡತಿಗೆ ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟುವವರೆಗೆ ದುಡಿಯುವ ಪರವಾನಗಿಯಿಲ್ಲ. ಆಮೇಲೂ ಕಾರ್ಡು ಕೈಸೇರಲು ಭಾರತೀಯರ ಸಾಲು ಬಹಳ ಉದ್ದ. ಒಂದೊಂದು ದೇಶಕ್ಕೆ ನೂರಕ್ಕೆ ಏಳು ಎಂಬ ಮಿತಿಯಿದೆ. ಅಲ್ಲಿ ನೌಕರಿ ಹೋದರೆ ಹೊಸದನ್ನು ಹುಡುಕಲು ಸಿಗುವುದು ಹೆಚ್ಚೆಂದರೆ ಅರವತ್ತು ದಿನ. ಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಅಲ್ಲಿಯ ಅಧ್ಯಕ್ಷರು ಘೋಷಿಸಿದರು. ಹೀಗೆ ಪಗಾರ ಎಷ್ಟೇ ದೊಡ್ಡದಿರಲಿ, ಕಾಲ ಕೆಳಗಿನ ನೆಲ ಯಾರದು ಎಂಬುದನ್ನು ಮರೆಯಬಾರದು. ಜರ್ಮನಿಯಲ್ಲಿ ನೀಲಿ ಕಾರ್ಡಿನವನು ಬಿ-1 ಮಟ್ಟದ ಭಾಷೆ ಕಲಿತರೆ 21 ತಿಂಗಳಿಗೆ, ಎ-1 ಮಾತ್ರ ಇದ್ದರೆ 27 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲಿಯೂ ಮತ್ತೆ ಭಾಷೆಯೇ ಮುಂದೆ ಬಂತು ನೋಡಿ!

ಕೊಲ್ಲಿಯ ದೇಶಗಳಿಗೆ ಹೊರಟ ನಮ್ಮ ಫಿಟರ್, ವೆಲ್ಡರ್, ಇಲೆಕ್ಟ್ರಿಷಿಯನ್ ಸೋದರರಿಗೆ ಒಂದು ಪ್ರತ್ಯೇಕ ಮಾತು. ನೋಂದಾಯಿತ ಏಜೆಂಟನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಕಾಯಿದೆಯಲ್ಲಿ ಮಿತಿಯಿದೆ: 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಏಜೆಂಟನ ಹೆಸರು ಭಾರತ ಸರಕಾರದ ‘ಇ-ಮೈಗ್ರೇಟ್’ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿರಿ. ಭೇಟಿಯ ವೀಸಾದ ಮೇಲೆ ಕೆಲಸಕ್ಕೆ ಹೋಗಲೇಬೇಡಿರಿ. ವೀಸಾ ಯಾವುದೆಂದಾದರೂ ನಾವು 2006ರಲ್ಲಿ ವಿಚಾರಿಸಿದ್ದರೆ ಒಬ್ಬನ ಐದು ವರ್ಷ ಉಳಿಯುತ್ತಿದ್ದವು.

ಊರು ಬಿಟ್ಟು ದುಡಿಯುವುದು ನಮ್ಮವರಿಗೆ ಹೊಸದೂ ಅಲ್ಲ, ಹೀನವೂ ಅಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇದೇ ಪುಣೆಗೆ ಬಂದು 1883ರಲ್ಲಿ ಇಂಜಿನಿಯರಿಂಗ್ ಮುಗಿಸಿ, ಮರುವರ್ಷ ಮುಂಬಯಿ ಸರಕಾರದ ನೌಕರಿ ಹಿಡಿದರು. ಖಡಕವಾಸಲಾ ಕೆರೆಗೆ ಅವರ ಸ್ವಯಂಚಾಲಿತ ಬಾಗಿಲುಗಳು ಬಂದದ್ದು 1903ರಲ್ಲಿ. 1906ರಲ್ಲಿ ನೀರು ಚರಂಡಿಯ ಯೋಜನೆಗೆಂದು ಏಡನ್ನಿಗೂ ಹೋಗಿಬಂದರು. 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರರಾಗಿ ಮರಳಿದಾಗ ಆ ಕಾಲು ಶತಮಾನದ ಅನುಭವವೆಲ್ಲ ಅವರ ಕೈಯಲ್ಲಿತ್ತು. ನಮ್ಮಂಥ ಸಾಮಾನ್ಯರ ಮಾತು ಬೇರೆ. 1972ರಲ್ಲಿ ನಾವು ಪಿಂಪರಿಯ ಕಾರಖಾನೆಗೆ 310 ರೂಪಾಯಿ ಪಗಾರದ ಮೇಲೆ ಬಂದಾಗ ಊರಿನಲ್ಲಿ ಎಲ್ಲರೂ ಆ ಅಂಕಿಯನ್ನೇ ಕೊಂಡಾಡಿದರು. ಮಕ್ಕಳ ಶಾಲೆಯ ಫೀ ತುಂಬಿದ್ದು ಮಾತ್ರ ನಮ್ಮ ಮನೆಯಾಕೆಯ ಹೊಲಿಗೆ ಯಂತ್ರ. ಆ ಎರಡನೆಯ ಪಗಾರವನ್ನು ಅಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಐವತ್ತು ವರ್ಷದ ಮೇಲೆ ನಾವೂ ಅದೇ ತಪ್ಪನ್ನು ಮಾಡಹೊರಟಿದ್ದೆವು.

ಆ ದಂಪತಿಗಳ ಸುದ್ದಿ ಹೇಳಿ ಮುಗಿಸುತ್ತೇವೆ. ಹುಡುಗ ಕಂಪನಿಗೆ ಬರೆದು ಸೇರುವ ದಿನವನ್ನು ಆರು ತಿಂಗಳು ಮುಂದೂಡಿಸಿಕೊಂಡಿದ್ದಾನೆ. ಹುಡುಗಿ ಸಂಜೆಯ ಜರ್ಮನ್ ತರಗತಿಗೆ ಹೆಸರು ಹಚ್ಚಿದ್ದಾಳೆ. ಈ ವಿಷಯದಲ್ಲಿ ಪುಣೆಯವರು ಅದೃಷ್ಟವಂತರು. ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮ್ಯೂಲರ್ ಭವನವೂ ಫರ್ಗ್ಯುಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟೂ ಊರಲ್ಲೇ ಇವೆ. ಪಾಳಿ ಮುಗಿಸಿ ಬಂದು ಪುಸ್ತಕ ಹಿಡಿಯುತ್ತಾಳಂತೆ. ಮಗು ಅಮ್ಮನ ಜೊತೆಗೆ ಎಣಿಕೆ ಕಲಿಯುತ್ತಿದೆಯಂತೆ. ಅವ್ವನ ಪ್ರಶ್ನೆ ಮಾತ್ರ ಹಾಳೆಯಲ್ಲಿ ಬಗೆಹರಿಯಲಿಲ್ಲ. ಆಳಿಗೆಂದು 5,000 ಬರೆದರೆ ಮಗ ಬಂದಂತಾಗುವುದಿಲ್ಲವಷ್ಟೆ. ಹುಡುಗ ವಿಜಯಪುರಕ್ಕೆ ಹೋಗಿ ಕೇಳಿದಾಗ ಆಕೆ, “ನೀವಿಬ್ರೂ ದುಡೀತೀರಿ ಅಂದ್ರ ಹೋಗ್ರಿ. ಆಕಿನ್ನ ಬರೇ ಅಡಗೀಮನ್ಯಾಗ ಕೂಡ್ಸೂದಿದ್ರ ಅಷ್ಟ ದೂರ ಯಾಕ?” ಎಂದರಂತೆ. ನಮ್ಮ ಇಡೀ ಹಾಳೆಯ ಲೆಕ್ಕ ಆ ಎರಡು ಮಾತಿನಲ್ಲಿದೆ.

ಪರದೇಶದಲ್ಲಿ ದುಡಿದು ಬಂದ, ಇಲ್ಲವೆ ಈಗಲೂ ಅಲ್ಲಿರುವ ನಮ್ಮ ಸದಸ್ಯರ ಕುಟುಂಬಗಳಿಗೆ ಒಂದು ಬಿನ್ನಹ. ನಿಮ್ಮ ಪಗಾರದ ಅಂಕಿ ನಮಗೆ ಬೇಡ. ತಿಂಗಳ ಕೊನೆಗೆ ಏನು ಉಳಿಯುತ್ತದೆ, ಮನೆಯ ಇನ್ನೊಬ್ಬರು ಏನು ಮಾಡುತ್ತಾರೆ, ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿ ಯಾವುದು, ಈ ಮೂರನ್ನು ಒಂದು ಕಾಗದದಲ್ಲಿ ಬರೆದು ಕಳಿಸಿರಿ. ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ. ಹೊರಡುವವರ ಕೈಯಲ್ಲಿ ನಮ್ಮ ಗುಣಾಕಾರಕ್ಕಿಂತ ನಿಮ್ಮ ಕಾಗದವಿರುವುದು ಮೇಲು.