ಅಪ್ಪಣೆ ಬರುವಷ್ಟರಲ್ಲಿ ಮೊಳಕೆ ಬಂತು

ಚಿಕ್ಕಬಳ್ಳಾಪುರ: ಗುಲಾಬಿ ಈರುಳ್ಳಿ ಅಂದರೆ ನಮ್ಮ ಅಂಗಡಿ ಬೀದಿಯವರಿಗೇ ಅಷ್ಟಕ್ಕಷ್ಟೆ. ಗಾತ್ರ ಚಿಕ್ಕದು, ಘಾಟು ಜಾಸ್ತಿ, ಸುಲಿಯೋದು ತಲೆನೋವು. ಗಿರಾಕಿ ಕೇಳೋದೇ ದಪ್ಪ ಈರುಳ್ಳಿ. ಆದರೆ ಮಲೇಷ್ಯಾ, ಸಿಂಗಪುರದ ಕಡೆಯವರಿಗೆ ಇದೇ ಬೇಕು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಸುತ್ತಿನ ಹೊಲಗಳಲ್ಲಿ ಬೆಳೆದು, ಲಾರಿಯಲ್ಲಿ ಚೆನ್ನೈ ಬಂದರಿಗೆ ಹೋಗಿ ಹಡಗು ಹತ್ತುವ ಸರಕಿದು. 2015ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೆಸರು ‘ಬೆಂಗಳೂರು ಗುಲಾಬಿ ಈರುಳ್ಳಿ’. ಹೆಸರು ರಾಜಧಾನಿಯದು, ಬೆವರು ನಮ್ಮವರದು!

ಹಡಗು ಹತ್ತುವ ಈರುಳ್ಳಿಯ ಹಣೆಬರಹ ಹೊಲದಲ್ಲೇ ತೀರ್ಮಾನವಾಗುತ್ತೆ. ಸೊಪ್ಪು ಬಾಗಿ ಬಿದ್ದ ಮೇಲೆ ಕಿತ್ತು, ನೆರಳಲ್ಲಿ ಗಾಳಿಗೆ ಹರಡಿ, ಕುತ್ತಿಗೆ ಪೂರ್ತಿ ಒಣಗಿಸಬೇಕು. ಹಸಿ ಕುತ್ತಿಗೆಯಿಂದಲೇ ಕೊಳೆ ಒಳಗೆ ನುಗ್ಗೋದು. ಕಿತ್ತ ಮೇಲೂ ಈರುಳ್ಳಿ ಉಸಿರಾಡುತ್ತೆ. ಗಾಳಿಯಾಡದ ಕಂಟೇನರಿಗೆ ತುಂಬಿದರೆ ಅದರ ಕಾವು, ಅದರ ತೇವವೇ ಅದನ್ನು ಕೊಳೆಸುತ್ತೆ. ‘ತಣ್ಣಗಿಟ್ಟರೆ ಸಾಕು’ ಅನ್ನೋದೂ ಅರ್ಧ ಸತ್ಯ. ಸೊನ್ನೆ ಡಿಗ್ರಿ ಹತ್ತಿರ, ತೇವ ಹಿಡಿತದಲ್ಲಿದ್ದರೆ ತಿಂಗಳುಗಟ್ಟಲೆ ತಡೆಯುತ್ತೆ. 10ರಿಂದ 20 ಡಿಗ್ರಿಯ ಅರೆತಂಪಿನಲ್ಲಿ ಬೇಗ ಮೊಳಕೆ ಒಡೆಯುತ್ತೆ.

ಇಷ್ಟು ಜೋಪಾನ ಮಾಡಿದ ಮಾಲು ಕೊನೆಗೆ ಕೆಡುವುದೆಲ್ಲಿ? ದಿಲ್ಲಿಯ ಫೈಲಿನಲ್ಲಿ!

ಲೆಕ್ಕ ನೋಡಿ. 2019ರ ಸೆಪ್ಟೆಂಬರ್ 29ರಂದು ಈರುಳ್ಳಿ ರಫ್ತು ನಿಷೇಧವಾಯಿತು. ನಮ್ಮದಕ್ಕೆ ವಿನಾಯಿತಿ ಬಂದಿದ್ದು ಅಕ್ಟೋಬರ್ 28ಕ್ಕೆ, ಅದೂ 9,000 ಟನ್ನಿಗೆ ಮಾತ್ರ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ಬೀಗ. ಅಕ್ಟೋಬರ್ 9ಕ್ಕೆ 10,000 ಟನ್ನಿಗೆ ಅಪ್ಪಣೆ. 2023ರ ಆಗಸ್ಟ್ 19ಕ್ಕೆ ಶೇಕಡಾ 40 ಸುಂಕ; ನಮ್ಮದಕ್ಕೆ ಮಾಫಿ ಸೆಪ್ಟೆಂಬರ್ 29ಕ್ಕೆ. ಅಂದರೆ ಒಮ್ಮೆ 29 ದಿನ, ಒಮ್ಮೆ 25 ದಿನ, ಒಮ್ಮೆ 41 ದಿನ. ಅದೇ ಡಿಸೆಂಬರಿನಲ್ಲಿ ಹಾಕಿದ ನಿಷೇಧ ತೆಗೆದದ್ದು 2024ರ ಮೇ 4ಕ್ಕೆ. ಆಗ ಪುನಃ ಶೇಕಡಾ 40 ಸುಂಕ, ಮೇ 29ಕ್ಕೆ ಪುನಃ ಮಾಫಿ. ಪ್ರತಿ ಸಲವೂ ಮೊದಲು ಏಟು, ಆಮೇಲೆ ಮುಲಾಮು.

ಪೇಟೆಯಲ್ಲಿ ಈರುಳ್ಳಿ ದರ ಏರಿದಾಗ ಸರ್ಕಾರ ತಡೆಯೊಡ್ಡೋದು ತಪ್ಪಲ್ಲ. ಬಸ್ಸಿನಲ್ಲಿ ಹೋಗಿಬರುವ ಸಂಬಳದವನೂ ಸಾಂಬಾರು ಉಣ್ಣಬೇಕಲ್ಲ! ಆದರೆ ಮನೆ ಅಡುಗೆಗೆ ಹೆಚ್ಚಾಗಿ ಕೊಳ್ಳದ ಈ ತಳಿಯನ್ನು ತಡೆದರೆ ದಪ್ಪ ಈರುಳ್ಳಿ ದರ ಎಷ್ಟು ಇಳಿದೀತು? ನಷ್ಟ ಮಾತ್ರ ಬೆಳೆದವನಿಗೆ, ಬೀಜ ಗೊಬ್ಬರ ಸಾಲ ಕೊಟ್ಟ ಅಂಗಡಿಯವನಿಗೆ. ವಿದೇಶದ ಗಿರಾಕಿಯಂತೂ ಕಾದು ಕೂರೋದಿಲ್ಲ, ಬೇರೆ ದೇಶದ ಮಾಲು ತರಿಸ್ತಾನೆ.

ಗುಲಾಬಿ ಹೆಸರಲ್ಲಿ ದಪ್ಪ ಈರುಳ್ಳಿ ಸಾಗಿಸಿಬಿಟ್ಟಾರು ಅನ್ನೋ ಅನುಮಾನಕ್ಕೂ ಮದ್ದಿದೆ. ತಳಿ ಯಾವುದು, ತೂಕ ಎಷ್ಟು ಅಂತ ರಾಜ್ಯದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕೆಂದು 2023ರಲ್ಲೇ ಷರತ್ತು ಹಾಕಿತ್ತು. ಕೇಳೋದು ಇಷ್ಟೇ: ನಿಷೇಧದ ಆದೇಶ ಹೊರಡುವ ದಿನವೇ ಈ ವಿನಾಯಿತಿಯೂ ಅದರಲ್ಲೇ ಅಚ್ಚಾಗಲಿ. ಪ್ರಮಾಣಪತ್ರ ತಾಲ್ಲೂಕು ಮಟ್ಟದಲ್ಲೇ ಸಿಗಲಿ. ಬೆಳೆಗಾರರೂ ದರದ ಆಸೆಗೆ ಹಸಿ ಗಡ್ಡೆ ಚೀಲಕ್ಕೆ ತುಂಬೋದು ಬಿಡಲಿ.

2025ರ ಏಪ್ರಿಲ್ 1ರಿಂದ ಕೇಂದ್ರ ಎಲ್ಲ ಈರುಳ್ಳಿಯ ರಫ್ತು ಸುಂಕವನ್ನೂ ತೆಗೆದುಹಾಕಿತು. ಸಂತೋಷ. ಆದರೆ ಮುಂದಿನ ಸಲ ದರ ಏರಿದಾಗ ಏನು ಗತಿ? ನಮ್ಮ ಸಂಸದರು ಬೀಗ ಬಿದ್ದ ಮೇಲೆ ದಿಲ್ಲಿಗೆ ಓಡುವ ಬದಲು ಈಗಲೇ ಇದನ್ನು ಬರವಣಿಗೆಯಲ್ಲಿ ಮಾಡಿಸಿಕೊಂಡು ಬರಲಿ. ಫೈಲಿಗೆ ಮೊಳಕೆ ಬರೋದಿಲ್ಲ ಸ್ವಾಮಿ, ಈರುಳ್ಳಿಗೆ ಬರುತ್ತೆ.