ಜೇಬಿನೊಳಗಿನ ಟಾಕೀಸು

ಸಿನಿಮಾ ನೋಡೋದು ನಿಮಗೆ ಗೊತ್ತು. ಸಿನಿಮಾ ಕೇಳೋದು ಗೊತ್ತೇ? ಗೊತ್ತಿಲ್ಲ ಅನ್ನೋರು ಒಂದು ದಿನ ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ಹತ್ತಿ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರೋದಿಲ್ಲ. ಬಾಗಿಲ ಬಳಿ ಕಂಬಿ ಹಿಡಿದು ನಿಂತ ಹುಡುಗನ ಕಿವಿಯಲ್ಲಿ ಇಯರ್‌ಫೋನು, ಮೊಬೈಲು ಮಾತ್ರ ಜೇಬಿನಲ್ಲಿ! ಹಾಡಲ್ಲ ಸ್ವಾಮಿ, ಪೂರ್ತಿ ಪಿಕ್ಚರೇ ಓಡ್ತಾ ಇದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೋಗುವಾಗ ಇಂಟರ್‌ವಲ್ ತನಕ, ಬರುವಾಗ ಕ್ಲೈಮ್ಯಾಕ್ಸು.

ಇದೇನೂ ಮೊಬೈಲು ತಂದ ಚಟವಲ್ಲ. ಕೋಲಾರ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಗೋಡೆ ಹಂಚಿಕೊಂಡಿದ್ದ ಭಾಷೆಗಳು. ತಮಿಳು ಆಕಾಶವಾಣಿಯ ‘ಒಲಿಚ್ಚಿತ್ತಿರಂ’ ಇಡೀ ಸಿನಿಮಾದ ಧ್ವನಿಯನ್ನು ಕತ್ತರಿಸಿ, ಗಿಡ್ಡ ಮಾಡಿ ಕೇಳಿಸುತ್ತಿತ್ತು. ಬೆಂಗಳೂರು ಆಕಾಶವಾಣಿಯೂ ಕನ್ನಡ ಚಿತ್ರಗಳಿಗೆ ಇದೇ ಉಪಚಾರ ಮಾಡುತ್ತಿತ್ತು. ಅಡುಗೆ ಮನೆಯಲ್ಲಿ ಸಾರು ಕುದಿಯುತ್ತಿದ್ದರೂ ಕಥೆ ತಪ್ಪುತ್ತಿರಲಿಲ್ಲ.

1975ರ ‘ಶೋಲೆ’ ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದದ್ದು, ಗೊತ್ತಲ್ಲ. ಅದರ ಹಾಡುಗಳಿಗಿಂತ ಮಾತುಗಳೇ ಜನರ ತಲೆಯಲ್ಲಿ ಕೂತುಬಿಟ್ಟಿವೆ ಅಂತ ಪಾಲಿಡೋರ್ ಕಂಪನಿ ಬರೀ ಡೈಲಾಗುಗಳದೇ ಒಂದು ರೆಕಾರ್ಡ್ ಹೊರಡಿಸಿತು. ಆಮೇಲೆ ಕೇಳಬೇಕೆ! ಹಿಂದಿಯ ಒಂದಕ್ಷರ ಬಾರದವನೂ ಗಬ್ಬರ್ ಸಿಂಗ್ ಆಗಿಬಿಟ್ಟ.

ನನ್ನ ಕೇಳಿದರೆ, ನಟನ ನಿಜವಾದ ಪರೀಕ್ಷೆ ಇಲ್ಲೇ. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977) ಹಾಕಿ, ಕಣ್ಣು ಮುಚ್ಚಿಕೊಳ್ಳಿ. ಅಪ್ಪ ಅರ್ಜುನನೂ ರಾಜಕುಮಾರ್, ಮಗ ಬಬ್ರುವಾಹನನೂ ರಾಜಕುಮಾರ್. ಕಿರೀಟ ಕಾಣೋದಿಲ್ಲ, ಮೀಸೆ ಕಾಣೋದಿಲ್ಲ. ಆದರೂ ಯಾರು ಅಪ್ಪ, ಯಾರು ಮಗ ಅಂತ ಕಿವಿ ಒಂದು ಕ್ಷಣವೂ ತಡವರಿಸೋದಿಲ್ಲ. ಇವತ್ತಿನ ಕೆಲವು ಹೀರೋಗಳ ಪಿಕ್ಚರಿಗೆ ಈ ಪರೀಕ್ಷೆ ಇಡಲು ನನಗೆ ಧೈರ್ಯವಿಲ್ಲ. ಹೆಸರು ಕೇಳಬೇಡಿ.

ಇನ್ನೊಂದು ಬಗೆಯ ಕೇಳುವ ಸಿನಿಮಾ ಉಂಟು, ಅದರ ಹೆಸರು ಕಾಮೆಂಟರಿ. ಚಿತ್ರ ಓಡುತ್ತಿರುವಾಗಲೇ ಅದನ್ನು ತೆಗೆದವರು, ಇಲ್ಲವೇ ಅದನ್ನು ಅರೆದು ಕುಡಿದವರು, ‘ಈ ಶಾಟ್ ಹೀಗೆ ತೆಗೆದದ್ದು, ಈ ಮಳೆ ಪೈಪಿನ ಮಳೆ’ ಅಂತ ಹೇಳ್ತಾ ಹೋಗೋದು. ಶುರುವಾದದ್ದು ಅಮೆರಿಕದಲ್ಲಿ, 1984ರಲ್ಲಿ. ಕ್ರೈಟೀರಿಯನ್ ಕಂಪನಿ 1933ರ ‘ಕಿಂಗ್ ಕಾಂಗ್’ ಚಿತ್ರವನ್ನು ಲೇಸರ್‌ಡಿಸ್ಕಿಗೆ ಹಾಕಿತು. ಡಿಸ್ಕಿನಲ್ಲಿ ಧ್ವನಿಗೆ ಎರಡು ದಾರಿ, ಹಳೇ ಚಿತ್ರಕ್ಕೆ ಒಂದೇ ಸಾಕು. ಖಾಲಿ ಉಳಿದ ದಾರಿಯಲ್ಲಿ ರೊನಾಲ್ಡ್ ಹೇವರ್ ಎಂಬ ಸಿನಿಮಾ ಪಂಡಿತರು ಚಿತ್ರದುದ್ದಕ್ಕೂ ಮಾತಾಡಿದರು. ಆಮೇಲೆ ಡಿವಿಡಿ ಬಂತು, ದೊಡ್ಡ ದೊಡ್ಡ ನಿರ್ದೇಶಕರೆಲ್ಲ ಮೈಕು ಹಿಡಿದರು. ಈಗ ಅದನ್ನು ರೇಡಿಯೋ ಥರ ಹಾಕಿಕೊಂಡು ಕೆಲಸ ಮಾಡುವವರಿದ್ದಾರೆ. ನೋಡಿದ ಚಿತ್ರವಾದರೆ ಕಣ್ಣಿನ ಅಗತ್ಯವೇ ಇಲ್ಲ, ದೃಶ್ಯ ತಲೆಯೊಳಗೇ ಓಡುತ್ತದೆ.

ಈಗ ಒಂದು ಲೆಕ್ಕ ಹಾಕಿ. 1984ರಲ್ಲಿ ನಮ್ಮ ಪುಟ್ಟಣ್ಣ ಕಣಗಾಲ್ ಇದ್ದರು. 1985ರ ಜೂನ್‌ನಲ್ಲಿ ಹೊರಟುಹೋದರು, ಅವರ ‘ಮಸಣದ ಹೂವು’ ಮುಗಿಸಿದ್ದು ಕೆ.ಎಸ್.ಎಲ್. ಸ್ವಾಮಿ. ಹುಣಸೂರರು ಹೋದದ್ದು 1989ರಲ್ಲಿ, ಶಂಕರ್‌ನಾಗ್ 1990ರಲ್ಲಿ, ಚಿ. ಉದಯಶಂಕರ್ 1993ರಲ್ಲಿ. ‘ಕಸ್ತೂರಿ ನಿವಾಸ’ದ ದೊರೈ-ಭಗವಾನ್ ಜೋಡಿಯ ಭಗವಾನ್ ಮಾತ್ರ 2023ರವರೆಗೆ ನಮ್ಮೊಡನಿದ್ದರು. ಅವರು ಸಂದರ್ಶನ ಕೊಟ್ಟಿಲ್ಲವೇ ಅಂತೀರಾ? ಧಾರಾಳವಾಗಿ ಕೊಟ್ಟರು. ಆದರೆ ದೃಶ್ಯದ ಮೂಲೆಯಲ್ಲಿ ನಿಂತ ಎಕ್ಸ್‌ಟ್ರಾ ನಟನ ಮುಖ ಕಂಡು ತಟ್ಟನೆ ನೆನಪಾಗುವ ಸಂಗತಿ ಇರುತ್ತಲ್ಲ, ಅದನ್ನು ಯಾವ ಪತ್ರಕರ್ತ ಕೇಳಿಯಾನು? ಅದಕ್ಕೆ ಅವರ ಮುಂದೆ ಪಿಕ್ಚರು ಓಡಬೇಕು.

ಚಿತ್ರರಂಗದವರು ಮಾಡಲಿ ಬಿಡಲಿ, ಗಣಿ ಊರಿನ ಹುಡುಗರಿಗೆ ಒಂದು ಕೆಲಸ ಇದೆ. ‘ಕೆ.ಜಿ.ಎಫ್’ (2018) ಚಿತ್ರದಲ್ಲಿ ಅನಂತನಾಗ್ ಹೇಳುವ ಕಥೆ ನಿಮಗೆ ಬಾಯಿಪಾಠ. ಆ ನರಾಚಿ ಬರೀ ಕಲ್ಪನೆ. ನಿಜವಾದ ಗಣಿಯನ್ನು 1880ರಲ್ಲಿ ಹಿಡಿದದ್ದು ಜಾನ್ ಟೇಲರ್ ಕಂಪನಿ. ಶಿವನಸಮುದ್ರದ ಕರೆಂಟು ಅಲ್ಲಿಗೆ ಬಂದದ್ದು 1902ರಲ್ಲಿ. ಚಾಂಪಿಯನ್ ರೀಫ್ 3 ಕಿ.ಮೀ.ಗೂ ಆಳ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಕೇಜಿನಲ್ಲಿ ಕೆಳಗಿಳಿದು, ಬಂಡೆ ಸಿಡಿಯುವ ಸದ್ದು ಕೇಳಿ, ಬೆವರು ಸುರಿಸಿ ಮೇಲೆ ಬಂದವರು ಇನ್ನೂ ನಿಮ್ಮ ಬೀದಿಯಲ್ಲಿದ್ದಾರೆ. ಅಂಥ ಒಬ್ಬ ತಾತನನ್ನು ಟಿ.ವಿ. ಮುಂದೆ ಕೂರಿಸಿ, ‘ಕೆ.ಜಿ.ಎಫ್’ ಹಾಕಿ. ‘ಏ, ಸುರಂಗದೊಳಗೆ ಹಿಂಗೆ ಓಡೋಕಾಗಲ್ಲ ಕಣೋ’ ಅಂತ ಶುರು ಮಾಡಿದರೆ ಸಾಕು, ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ. ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಅವರ ಬಾಯಿಗೆ ಬಂದ ಭಾಷೆಯಲ್ಲೇ ಇರಲಿ. ತಿದ್ದೋಕೆ ಹೋಗಬೇಡಿ.

ಒಂದೇ ಎಚ್ಚರಿಕೆ. ಸೆನ್ಸಾರ್ ಸರ್ಟಿಫಿಕೇಟ್ ಮಾಯವಾದ ಕ್ಷಣ ‘ಈಗ’ ಅಂತ ಜೋರಾಗಿ ಹೇಳಿ. ನಾಳೆ ಕೇಳುವವನು ಅಲ್ಲಿಂದ ಎರಡನ್ನೂ ಒಟ್ಟಿಗೆ ಓಡಿಸಿಕೊಳ್ಳಬಹುದು. ತಾತ ಬೀಡಿ ಸೇದೋಕೆ ಎದ್ದು ಹೋದರೆ ಪಿಕ್ಚರೂ ರೆಕಾರ್ಡಿಂಗೂ ಎರಡೂ ನಿಲ್ಲಿಸಿ. ಇಲ್ಲದಿದ್ದರೆ ಯಶ್ ಫೈಟಿಂಗ್‌ನಲ್ಲಿರುವಾಗ ತಾತ ಇನ್ನೂ ತಾಯಿ ಸೆಂಟಿಮೆಂಟ್ ಬಗ್ಗೆ ಮಾತಾಡ್ತಾ ಇರ್ತಾರೆ.