ಸುರಪುರದ ಜಾತಕ, ನಮ್ಮ ಗೋಡೆಯ ರಾಹುಕಾಲ

ಯಾದಗಿರಿ, ಶಹಾಪುರ, ಸುರಪುರದ ಅಂಗಡಿಗಳ ಗೋಡೆಗೆ ತೂಗುವ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರದ ಪಕ್ಕದಲ್ಲೇ ರಾಹುಕಾಲ, ಗುಳಿಕಕಾಲ, ಯಮಗಂಡಕಾಲಗಳೂ ಇರುತ್ತವೆ. ಪಂಚಾಂಗದ ಮೇಲೆ ನಮಗೆ ಜಗಳವಿಲ್ಲ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳ ಅದು ಸೂರ್ಯ ಚಂದ್ರರ ಚಲನೆಯ ಲೆಕ್ಕ. ರೋಹಿಣಿ, ಮೃಗಶಿರ ಮಳೆಗಳ ಹೆಸರು ಹಿಡಿದೇ ನಮ್ಮ ರೈತರು, ಮುಸ್ಲಿಂ ರೈತರೂ, ಬಿತ್ತನೆಯ ಮಾತಾಡುತ್ತಾರೆ. ಆ ಲೆಕ್ಕಕ್ಕೆ ಅಂಟಿಸಿದ ಭಯದ ಮೇಲೆ ಮಾತ್ರ ನಮ್ಮ ಜಗಳ.

ರಾಹುಕಾಲವೆಂದರೇನು? ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 8 ಪಾಲು ಮಾಡಿ, ದಿನಕ್ಕೊಂದು ಪಾಲನ್ನು ಅಶುಭವೆಂದು ತೆಗೆದಿಡುವುದು. ಸೋಮವಾರ ಎರಡನೆಯದು, ಶುಕ್ರವಾರ ನಾಲ್ಕನೆಯದು. ನಮ್ಮ ಕಡೆ ಹಗಲು ಡಿಸೆಂಬರಿನಲ್ಲಿ 11 ತಾಸಿಗೆ ತುಸು ಹೆಚ್ಚು, ಜೂನಿನಲ್ಲಿ ಸುಮಾರು 13 ತಾಸು. ಆದರೂ ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12 ಎಂದು ವರ್ಷವಿಡೀ ಒಂದೇ ಅಂಕಿ ಬಾಯಿಪಾಠವಾಗಿದೆ. ರಾಹುವೆಂಬ ಗ್ರಹ ಆಕಾಶದಲ್ಲಿಲ್ಲ. ಚಂದ್ರನ ಹಾದಿಯು ಸೂರ್ಯನ ಹಾದಿಯನ್ನು ಕತ್ತರಿಸುವ ಬಿಂದುವಿಗೆ ಹಿರಿಯರಿಟ್ಟ ಹೆಸರದು. ಒಂದು ಬಿಂದುವಿಗೆ ಹೆದರಿ, ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳನ್ನು ದವಾಖಾನೆಗೆ ಒಯ್ಯುವ ಮುನ್ನ 'ಇನ್ನರ್ಧ ತಾಸು ತಡೀರಿ' ಎನ್ನುವುದು ಯಾವ ಧರ್ಮ?

ಇದಕ್ಕೆ ಉತ್ತರವಾಗಿ ಸುರಪುರದ ಜಾತಕದ ಕಥೆಯನ್ನು ಮುಂದಿಡುವವರಿದ್ದಾರೆ. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಈ ಕಥೆಯಿದೆ. ರಾಜರು 24ನೆಯ ವರ್ಷ ದಾಟುವುದಿಲ್ಲವೆಂದು ಜಾತಕ ಹೇಳಿತ್ತಂತೆ. 1858ರಲ್ಲಿ ಅವರು ಕಂಪನಿಯ ವಿರುದ್ಧ ದಂಗೆ ಎದ್ದು ಸೆರೆಸಿಕ್ಕರು. ಮರಣದಂಡನೆ ಸೆರೆವಾಸಕ್ಕೆ ಇಳಿಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಸತ್ತರು. ತಾವೇ ಹೊಡೆದುಕೊಂಡರೆಂದು ಟೇಲರ್ ಬರೆದ. ಅಲ್ಲ, ಕೊಂದರು ಎನ್ನುವವರೂ ಇದ್ದಾರೆ.

ಜಾತಕ ನಿಜವಾಯಿತೆಂದು ಬೆರಗಾಗುವವರೇ, ಸುಳ್ಳಾದ ಸಾವಿರಾರು ಜಾತಕಗಳನ್ನು ಯಾರು ಬರೆದಿಟ್ಟರು? ಸಾವಿಗೆ ಗ್ರಹವೇ ಕಾರಣವೆಂದರೆ ಕಾವಲಿದ್ದವರನ್ನು ಯಾರೂ ಪ್ರಶ್ನಿಸಬೇಕಿಲ್ಲ. ಕಂಪನಿ ಸರ್ಕಾರ ಖುಲಾಸೆ! ದಂಗೆಯ ಕೆಚ್ಚು ಕೂಡ ರಾಜರದಲ್ಲ, ಶನಿಯದು ಎಂದಾಗುತ್ತದೆ. ಭಯಕ್ಕೆ ಶಾಸ್ತ್ರದ ಹೆಸರಿಟ್ಟರೆ ಲಾಭ ಯಾವಾಗಲೂ ಆಳುವವರಿಗೇ.

ನೆರೆಮನೆಗಷ್ಟೇ ಇದನ್ನು ಹೇಳಿದರೆ ನಾವು ಕಪಟಿಗಳಾಗುತ್ತೇವೆ. ಸಫರ್ ತಿಂಗಳಲ್ಲಿ ಮದುವೆ ಬೇಡವೆನ್ನುವವರು, ತಾಯಿತಕ್ಕೆ ಸಾಲ ಮಾಡುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಪ್ರವಾದಿಯವರ (ಸ) ಮಗು ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗೇ ಸೂರ್ಯ ಕಪ್ಪಾದನೆಂದು ಜನ ಆಡಿಕೊಂಡಾಗ, ಯಾರ ಸಾವಿಗೂ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಅವರು ಆ ದುಃಖದಲ್ಲೂ ತಿದ್ದಿದರು. ಲಗ್ನ, ರಾಶಿಕೂಟಗಳ ಗೊಡವೆಯನ್ನು 12ನೆಯ ಶತಮಾನದಲ್ಲೇ ಬಸವಣ್ಣನವರು ತಳ್ಳಿಹಾಕಿದ್ದರು. ಇಬ್ಬರನ್ನೂ ಕೊಂಡಾಡುವ ನಾವು ಇಬ್ಬರ ಮಾತನ್ನೂ ಮರೆತಿದ್ದೇವೆ.

ಕ್ಯಾಲೆಂಡರ್ ಗೋಡೆಯ ಮೇಲಿರಲಿ. ಹಬ್ಬ, ಅಮಾವಾಸ್ಯೆ, ಮಳೆ ನೋಡಲು ಅದು ಬೇಕು. ಆದರೆ ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು, ಕೂಲಿಗೆ ಹೊರಟ ತಾಯಂದಿರು ಅದರ ಅಪ್ಪಣೆಗೆ ಕಾಯಬೇಕಿಲ್ಲ.